ನಮ್ಮ ಆಂಟೆನಾಕ್ಕೆ ಅಡ್ಡ ನಿಂತಿರುವ ಸಂಪಿಗೆ ಹೈಟ್ಸ್ ಬಿ ಬ್ಲಾಕ್ ಅವರ ಸನ್ನಿಧಿಗೆ

ಕೋಗಿಲು, ಯಲಹಂಕ
ಸೆಪ್ಟೆಂಬರ್ ೨೦೧೩

ಇವರಿಗೆ,
ಸಂಪಿಗೆ ಹೈಟ್ಸ್, ಬಿ ಬ್ಲಾಕ್,
ನಮ್ಮ ಮನೆಯ ದಕ್ಷಿಣ ದಿಕ್ಕು ಪೂರ್ತಿ.

ಮಾನ್ಯರೇ,

ಹದಿನಾಲ್ಕು ಅಂತಸ್ತಿನ ಮೇಲೆ ನೀರಿನ ಟ್ಯಾಂಕನ್ನು ಕಿರೀಟದಂತೆ ಧರಿಸಿ, ಮಳೆಗಾಳಿಗೆ ಜಗ್ಗದೆ, ಒಂದು ದಿನವೂ ಕೂರದೆ ನಿಂತೇ ಇರುವ ತಮ್ಮ ಪಾದಮೂಲದಲ್ಲಿ, ಅಂದರೆ ತಮ್ಮ ಕಾಂಪೌಂಡಿನಿಂದ ಒಂದು ಓಣಿಯಷ್ಟು ಈಚೆಗೆ, ಒಂದೇ ಅಂತಸ್ತಿನ ತಾರಸಿ ಮನೆಯಲ್ಲಿ ವಾಸವಾಗಿರುವ ಸರಳಾ ಎಂಬ ನಾನು ಕುತ್ತಿಗೆ ನೋಯುವಷ್ಟು ತಲೆಯೆತ್ತಿ ಸಲ್ಲಿಸುವ ವಂದನೆಗಳು. ಇತ್ತ ನಾವು ಕ್ಷೇಮ. ತಮ್ಮ ಕ್ಷೇಮವನ್ನು ಪ್ರತ್ಯೇಕವಾಗಿ ವಿಚಾರಿಸುವ ಪ್ರಮೇಯ ಬರುವುದಿಲ್ಲ. ಅಡುಗೆಮನೆಯ ಕಿಟಕಿ ತೆರೆದರೂ, ಬಟ್ಟೆ ಒಣಹಾಕಲು ಹೋದರೂ, ಸುಮ್ಮನೆ ಆಕಳಿಸಲು ಮುಖ ಮೇಲೆತ್ತಿದರೂ ತಮ್ಮ ದರ್ಶನವಾಗುತ್ತಲೇ ಇರುತ್ತದೆ.

ನಾನು ಸಹಕಾರನಗರದ ಒಂದು ಶಾಲೆಯಲ್ಲಿ ಕನ್ನಡ ಪಾಠ ಮಾಡುವವಳು. ಬೀದಿದೀಪ ಕೆಟ್ಟಿರುವ ಬಗ್ಗೆ, ಚರಂಡಿ ಕಟ್ಟಿಕೊಂಡಿರುವ ಬಗ್ಗೆ ಮಾನ್ಯ ಆಯುಕ್ತರಿಗೆ ದೂರು ಬರೆಯುವುದು ಹೇಗೆಂದು ವರ್ಷವರ್ಷವೂ ಮಕ್ಕಳಿಗೆ ಕಲಿಸಿ, ತಿದ್ದಿ, ಅಂಕ ಕೊಟ್ಟಿದ್ದೇನೆಯೇ ಹೊರತು ನಾನಾಗಿ ಒಂದು ದೂರನ್ನೂ ಬರೆದವಳಲ್ಲ. ಮೊದಲ ದೂರೇ ತಮ್ಮಂಥ ಉನ್ನತ ಸ್ಥಾನದಲ್ಲಿರುವವರಿಗೆ ಸಲ್ಲುತ್ತಿರುವುದು ನನ್ನ ಭಾಗ್ಯ. ತಮ್ಮ ಅಸೋಸಿಯೇಷನ್‌ನವರಿಗೆ ಬರೆಯಬಹುದಿತ್ತಲ್ಲ ಎಂದು ತಾವು ಕೇಳಬಹುದು. ಅವರ ಹತ್ತಿರ ಬಾಯಲ್ಲೇ ಹೇಳಿ ನೋಡಿದ್ದಾಗಿದೆ. ಕೇಳಿಸಿಕೊಳ್ಳುವ ತಾಳ್ಮೆಯ ಮಟ್ಟಿಗೆ ಹೇಳುವುದಾದರೆ, ಅವರಿಗಿಂತ ತಮ್ಮ ಗೋಡೆಯೇ ವಾಸಿ.

ದೂರಿಗೆ ಮೊದಲು ಉಪಕಾರ ಸ್ಮರಣೆ ಮಾಡುವುದು ಧರ್ಮ. ತಾವು ಇಲ್ಲಿಗೆ ಬಿಜಯಂಗೈಯುವ ಮುನ್ನ ಈ ಜಾಗದಲ್ಲಿ ದ್ರಾಕ್ಷಿ ತೋಟವಿತ್ತು. ಮಾಗಿಯ ಬಿಸಿಲು ಆ ಚಪ್ಪರಗಳ ಮೇಲಿಂದ ಹಾದು ನೇರವಾಗಿ ನಮ್ಮ ಅಂಗಳಕ್ಕೆ ನುಗ್ಗಿ ಬಹಳ ಉಪದ್ರವ ಕೊಡುತ್ತಿತ್ತು. ಈಗ ಆ ಬಿಸಿಲನ್ನೆಲ್ಲ ತಾವೇ ಮೈಮೇಲೆ ಹಾಕಿಕೊಂಡಿದ್ದೀರಿ. ನಮ್ಮ ಸೀರೆಗಳು ಗಡಿಬಿಡಿಯಿಲ್ಲದೆ, ಚೆನ್ನಾಗಿ ಯೋಚನೆ ಮಾಡಿ, ಮಾರನೆಯ ದಿನ ಒಣಗುತ್ತವೆ. ಹೆಸರು ಸಂಪಿಗೆಯೆಂದಿದ್ದರೂ ಆವರಣದಲ್ಲಿ ಒಂದು ಸಂಪಿಗೆ ಗಿಡವನ್ನೂ ನೆಡದೆ, ಹೂವಿನ ವಾಸನೆಗೆ ನಮಗೆ ತಲೆನೋವು ಬಾರದಂತೆ ನೋಡಿಕೊಂಡಿದ್ದೀರಿ. ಇದಕ್ಕೆಲ್ಲ ನಾವು ಋಣಿಗಳು.

ಇನ್ನು ವಿಷಯಕ್ಕೆ ಬರುತ್ತೇನೆ. ಈ ವರ್ಷ ಬೇಸಿಗೆಯ ಆರಂಭದಲ್ಲಿ ಸೆಟ್‌ಟಾಪ್ ಬಾಕ್ಸ್ ಇಲ್ಲದ ಮನೆಗಳಿಗೆ ಕೇಬಲ್ ಬರುವುದಿಲ್ಲವೆಂದಾಯಿತು. "ಬಾಕ್ಸ್ ಸ್ಟಾಕ್ ಇಲ್ಲ ಮೇಡಂ, ಬಂದ್ ತಕ್ಷಣ ಫಸ್ಟ್ ನಿಮ್ಗೇ" ಎಂದು ಹೇಳಿಹೋದ ಕೇಬಲ್‌ನವನು ಆಮೇಲೆ ನಮ್ಮ ಓಣಿಯ ದಾರಿಯನ್ನೇ ಮರೆತ. ಡಿಶ್ ಹಾಕಿಸೋಣವೆಂದು ಕರೆಸಿದವನು ತಾರಸಿ ಹತ್ತಿ, ತಮ್ಮನ್ನು ಬುಡದಿಂದ ತುದಿಯವರೆಗೆ ನೋಡಿ, "ಇಲ್ಲಿಂದ ಆಕಾಶಾನೇ ಕಾಣಲ್ವಲ್ಲ ಸಾರ್, ಡಿಶ್ ಯಾರ್ ಮುಖ ನೋಡ್ಬೇಕು?" ಎಂದು ಕೇಳಿ ಇಳಿದು ಹೋದ. ಆಗ ನಮ್ಮ ಯಜಮಾನರಾದ ಆಂಜಿನಪ್ಪನವರು, ಯಶವಂತಪುರದ ಈರುಳ್ಳಿ ಮಂಡಿಯಲ್ಲಿ ಲೆಕ್ಕ ಬರೆಯುವವರು, ಅಟ್ಟದ ಮೇಲಿದ್ದ ಹಳೆಯ ಆಂಟೆನಾವನ್ನು ಕೆಳಗಿಳಿಸಿದರು. ಮೀನಿನ ಮುಳ್ಳಿನಂಥ ಆ ಅಲ್ಯೂಮಿನಿಯಂ ಕಡ್ಡಿಗಳ ಧೂಳೊರೆಸಿ, ಪೈಪಿಗೆ ಕಟ್ಟಿ, ತಾರಸಿಯ ಮೇಲೆ ನಿಲ್ಲಿಸಿ, "ದೂರದರ್ಶನಕ್ಕೆ ಯಾರಪ್ಪನ ಬಾಕ್ಸೂ ಬೇಡ ಕಣೆ, ಗಾಳೀಲೇ ಬರುತ್ತೆ" ಎಂದು ಸಾರಿದರು.

ಗಾಳಿಯಲ್ಲಿ ಬರುತ್ತದೆ ನಿಜ. ಆದರೆ ಅದು ಬರುವುದು ದಕ್ಷಿಣದಿಂದ, ಊರೊಳಗಿನ ದೂರದರ್ಶನದ ಗೋಪುರದಿಂದ. ನಡುವೆ ತಾವಿದ್ದೀರಿ.

ಮೊದಲ ದಿನ ಟೀವಿಯಲ್ಲಿ ಇರುವೆಗಳ ಜಾತ್ರೆ ಕಂಡಿತು. ಆಂಟೆನಾವನ್ನು ಪೂರ್ವದ ಮೂಲೆಗೆ ಸರಿಸಿದಾಗ ವಾರ್ತೆ ಓದುವ ಹೆಣ್ಣುಮಗಳು ಕಂಡಳು, ಆದರೆ ಎರಡು ತಲೆಗಳ ಸಮೇತ. ಒಂದು ಸುದ್ದಿ ಓದಿದರೆ ಇನ್ನೊಂದು ಪಕ್ಕದಿಂದ ಇಣುಕುತ್ತಿತ್ತು. ಪೈಪಿಗೆ ಇನ್ನೊಂದು ಪೈಪು ಸೇರಿಸಿ ಎತ್ತರ ಮಾಡಿದರೂ ತಮ್ಮ ಮೂರನೆಯ ಮಹಡಿಯ ಮೊಣಕಾಲಿಗೂ ಅದು ಮುಟ್ಟಲಿಲ್ಲ. ಹಳೆಯ ಚಪ್ಪಟೆ ವೈರು ತೆಗೆದು ಹೊಸ ದಪ್ಪ ವೈರು ಎಳೆದದ್ದಾಯಿತು. ಬೂಸ್ಟರ್ ತರಲು ಯಲಹಂಕದ ಜಮೀರ್ ಅವರ ಅಂಗಡಿಗೆ ಹೋದರೆ, ಅವರು ಮಾರುವುದಕ್ಕಿಂತ ಮೊದಲು ನಿಜ ಹೇಳಿಬಿಟ್ಟರು: "ಬೂಸ್ಟರ್ ಅಂದ್ರೆ ಮೈಕ್ ಇದ್ದಂಗೆ ಸಾರ್. ಹಾಡೋರಿದ್ರೆ ಹಾಡು ಜೋರಾಗುತ್ತೆ, ಕೆಮ್ಮೋರಿದ್ರೆ ಕೆಮ್ಮು." ನಮ್ಮವರು ಆದರೂ ತಂದರು. ಇರುವೆಗಳು ದಷ್ಟಪುಷ್ಟವಾದವು.

ಇಷ್ಟಕ್ಕೇ ನಿಂತಿದ್ದರೆ ನಾನು ತಮ್ಮ ಅಮೂಲ್ಯ ಸಮಯವನ್ನು ವ್ಯಯ ಮಾಡುತ್ತಿರಲಿಲ್ಲ, ಟೀವಿಯಿಲ್ಲದೆ ಬದುಕಿದವರುಂಟು. ಆದರೆ ಜೂನ್ ತಿಂಗಳಲ್ಲಿ ದೂರದರ್ಶನದವರ ಹಳ್ಳಿಹಾಡಿನ ಕಾರ್ಯಕ್ರಮವೊಂದಕ್ಕೆ ಕೋಗಿಲಿನ ಹೆಂಗಸರನ್ನು ಕರೆಸಿ ಸೋಬಾನೆ ಹಾಡಿಸಿದರು. ಆ ತಂಡದಲ್ಲಿ ನಮ್ಮ ಅತ್ತೆ ಮುನಿಕೃಷ್ಣಮ್ಮನವರಿದ್ದರು. ಅತ್ತೆಯ ಜೊತೆಯಲ್ಲಿ, ಅಂದರೆ ಅತ್ತೆಯಿಂದ ಸಾಧ್ಯವಾದಷ್ಟು ದೂರದಲ್ಲಿ, ಓಣಿಯ ಆಚೆ ತುದಿಯ ಗೋಪಾಲಮ್ಮನವರಿದ್ದರು. ಇವರಿಬ್ಬರೂ ಹರೆಯದಲ್ಲಿ, ತಾವು ಈಗ ನಿಂತಿರುವ ಜಾಗದ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗುತ್ತಿದ್ದವರು. ಹಣ್ಣು ಬಿಡಿಸುತ್ತಾ ಒಂದು ಹಾಡು ಕಟ್ಟಿದರು. "ದ್ರಾಕ್ಸಿ ಚಪ್ಪರದಾಗೆ ನೆಳ್ಳೈತೆ ಬಾ ತಾಯಿ, ನೆಳ್ಳೀಗೆ ಬಾಡಿಗೆ ಕೇಳೋರಿಲ್ಲ" ಎಂದು ಶುರುವಾಗುವ ಆ ಹಾಡಿಲ್ಲದೆ ನಮ್ಮಲ್ಲಿ ಒಂದು ಮದುವೆಯೂ ಆಗುವುದಿಲ್ಲ. ತೊಡಕೆಂದರೆ, ಕಟ್ಟಿದವರು ಯಾರು ಎಂಬುದು. "ನಂದು" ಎಂದು ಅತ್ತೆ. "ಚಪ್ಪರದಡಿ ಮೊದ್ಲು ಅಂದೋಳೇ ನಾನು, ಅವ್ಳು ಬರೀ ಸೋ ಅಂದ್ಳು" ಎಂದು ಗೋಪಾಲಮ್ಮ. ಈ ಒಂದು ವಿಚಾರಕ್ಕೆ ಅವರಿಬ್ಬರೂ ಮಾತು ಬಿಟ್ಟಿದ್ದರು. ನಾನು ಸೊಸೆಯಾಗಿ ಬಂದಾಗಲೇ ಅದು ಹಳೆಯ ಜಗಳವಾಗಿತ್ತು.

ರೆಕಾರ್ಡಿಂಗ್ ದಿನ ಅಲ್ಲಿಯವರೊಬ್ಬರು "ಈ ಹಾಡು ಕಟ್ಟಿದ್ದು ಯಾರಮ್ಮ?" ಎಂದು ಕೇಳಿದರಂತೆ. ಇಬ್ಬರೂ ಒಟ್ಟಿಗೆ "ನಾನು" ಎಂದರಂತೆ. ಆತ ಇಬ್ಬರ ಮುಖವನ್ನೂ ನೋಡಿ, ನಕ್ಕು, ಏನನ್ನೋ ಬರೆದುಕೊಂಡರಂತೆ. ಏನು ಬರೆದರೋ ತಿಳಿಯದು. ಕಾರ್ಯಕ್ರಮದ ಕೊನೆಯಲ್ಲಿ ಅಕ್ಷರದಲ್ಲಿ ಹೆಸರು ಬರುತ್ತದೆಂದು ಮಾತ್ರ ಹೇಳಿ ಕಳಿಸಿದರು. ಪ್ರಸಾರ ಶ್ರಾವಣದ ಒಂದು ಶನಿವಾರ ಮಧ್ಯಾಹ್ನವೆಂದು ಗೊತ್ತಾಯಿತು.

ಗೋಪಾಲಮ್ಮನವರ ಮನೆಯಲ್ಲಿ ಬಾಕ್ಸು ಬಂದಿತ್ತು, ಕನ್ನಡಿಯಂಥ ಚಿತ್ರವೂ ಬರುತ್ತಿತ್ತು. "ಅತ್ತೆ, ಒಂದು ದಿನಕ್ಕೆ ಅಲ್ಲೇ ಹೋಗಿ ನೋಡ್ಕೊಂಡು ಬನ್ನಿ" ಎಂದು ನಾನು ಹೇಳಿ ಬೈಸಿಕೊಂಡೆ. "ಅವ್ಳ ಟೀವೀಲಿ ನನ್ ಮಖ ನಾನು ನೋಡ್ಲಾ? ಅದ್ಕಿಂತ ನೋಡ್ದೇ ಇರ್ತೀನಿ ಬುಡು" ಎಂದು ಅತ್ತೆ ಗೋಡೆ ಕಡೆ ತಿರುಗಿ ಮಲಗಿದರು. ಅಂದಿನಿಂದ ಅವರು ಊಟಕ್ಕೆ ಕೂತಾಗಲೆಲ್ಲ ಟೀವಿಯ ಕಡೆಗೊಮ್ಮೆ, ಮಗನ ಕಡೆಗೊಮ್ಮೆ ನೋಡುತ್ತಿದ್ದರು. ಬಾಯಿಬಿಟ್ಟು ಏನೂ ಕೇಳಲಿಲ್ಲ. ಕೇಳಿದ್ದರೆ ನಮ್ಮವರಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಮಾನ್ಯರೇ, ಆಮೇಲೆ ನಮ್ಮವರು ತಮ್ಮ ಬಾಗಿಲಿಗೂ ಬಂದರು. ತಮ್ಮ ತಾರಸಿಯ ಮೇಲೆ ಒಂದು ಮೂಲೆಯಲ್ಲಿ ಆಂಟೆನಾ ಇಟ್ಟುಕೊಳ್ಳುತ್ತೇವೆಂದು ಕೈಮುಗಿದು ಕೇಳಿದರೆ, ಅಸೋಸಿಯೇಷನ್‌ನವರು ಅವರನ್ನು ಸೋಫಾದ ಮೇಲೆ ಕೂರಿಸಿ, ನೀರು ಕೊಟ್ಟು, ರೂಲ್ಸ್‌ನಲ್ಲಿ ಇಲ್ಲವೆಂದರು. ಅಷ್ಟು ತಣ್ಣನೆಯ ನೀರನ್ನು ಜನ್ಮದಲ್ಲೇ ಕುಡಿದಿರಲಿಲ್ಲವೆಂದು ನಮ್ಮವರು ಬಂದು ಹೇಳಿದರು.

ಆದರೆ ತಮ್ಮೊಳಗೂ ಒಬ್ಬರು ಪುಣ್ಯಾತ್ಮರಿದ್ದಾರೆ. ಒಂಬತ್ತನೆಯ ಮಹಡಿಯ ಫಖ್ರುನ್ನೀಸಾ, ಆರ್.ಟಿ. ನಗರದಲ್ಲಿ ಬಹುಕಾಲ ಹೊಲಿಗೆ ಕ್ಲಾಸ್ ನಡೆಸಿ ಈಗ ಮಗಳ ಮನೆಯಲ್ಲಿರುವವರು, ಒಂದು ಸಂಜೆ ಓಣಿಗೆ ಇಳಿದು ಬಂದು ನಮ್ಮವರನ್ನು ಕೇಳಿದರು: "ದಿನಾ ಸಾಯಂಕಾಲ ಆ ಪೈಪ್ ತಬ್ಕೊಂಡು ನಿಂತಿರ್ತೀರಲ್ಲ ಅಣ್ಣಾ, ಏನಾದ್ರೂ ಹರಕೆನಾ?" ವಿಷಯ ತಿಳಿದ ಮೇಲೆ, "ಅದಕ್ಯಾಕೆ ಅಷ್ಟು ಕಷ್ಟ? ನಮ್ಮ ಬಾಲ್ಕನಿ ಇಲ್ವಾ?" ಎಂದರು. ಅವರ ಬಾಲ್ಕನಿಯ ಕಂಬಿಗೆ ಆಂಟೆನಾ ಕಟ್ಟಿ, ಅಲ್ಲಿಂದ ನಮ್ಮ ಕಿಟಕಿಗೆ ಗಾಳಿಪಟದ ದಾರದಂತೆ ವೈರು ಇಳಿಬಿಟ್ಟಾಗ, ನಂಬುತ್ತೀರೋ ಇಲ್ಲವೋ, ಕೃಷಿ ಕಾರ್ಯಕ್ರಮದ ಬದನೆಕಾಯಿಯ ಮೇಲಿನ ಹುಳವೂ ಕಂಡಿತು. ಅತ್ತೆ ಆ ಬದನೆಕಾಯಿಯನ್ನು ಕಣ್ತುಂಬಾ ನೋಡಿದರು. ಬೆಳಗ್ಗೆ ಎದ್ದರೆ ವೈರು ತುಂಡಾಗಿ ಓಣಿಯಲ್ಲಿ ಬಿದ್ದಿತ್ತು. ತಮ್ಮ ಮುಖದ ಅಂದ ಕೆಡುತ್ತದೆಂದು ಅಸೋಸಿಯೇಷನ್‌ನವರು ಕತ್ತರಿಸಿ, ಫಖ್ರುನ್ನೀಸಾ ಅವರ ಬಾಗಿಲಿಗೆ ನೋಟಿಸನ್ನೂ ಅಂಟಿಸಿದ್ದರು. ಸುಂದರರಿಗೆ ಒಂದು ದೃಷ್ಟಿಬೊಟ್ಟು ಬೇಕೆಂಬುದನ್ನು ಅವರಿಗೆ ಯಾರೂ ಹೇಳಿಕೊಟ್ಟಂತಿಲ್ಲ.

ನಮ್ಮವರು ಸಿಟ್ಟಿನಿಂದ ಆಂಟೆನಾವನ್ನು ತಾರಸಿಗೆ ತಂದು, ತಮ್ಮ ಮುಖವನ್ನೇ ನೋಡಲಾರೆನೆಂಬಂತೆ ಅದನ್ನು ಉತ್ತರಕ್ಕೆ ತಿರುಗಿಸಿ ನಿಲ್ಲಿಸಿದರು. ಆಗ ಕೆಳಗೆ ಚಿತ್ರ ಬಂತು! ಉತ್ತರ ದಿಕ್ಕಿನಲ್ಲಿರುವ ಊರಿನ ದೊಡ್ಡ ನೀರಿನ ಟ್ಯಾಂಕಿಗೆ ಬಡಿದು ಹಿಂದಿರುಗುವ ಸಿಗ್ನಲ್ಲು ಸಿಕ್ಕಿತೆಂದು ಜಮೀರ್ ಆಮೇಲೆ ವಿವರಿಸಿದರು. ಆದರೆ ಅದರಲ್ಲೊಂದು ಕಿತಾಪತಿಯಿತ್ತು. ಪೈಪನ್ನು ನಮ್ಮವರು ತುಸು ಓರೆಯಾಗಿ, ಎರಡೂ ಕೈಯಲ್ಲಿ ಹಿಡಿದಿದ್ದಾಗ ಮಾತ್ರ ಚಿತ್ರ. ಅದೇ ಓರೆಯಲ್ಲಿ ಕಟ್ಟಿದರೆ ಇಲ್ಲ, ಕಲ್ಲು ಒತ್ತಿಟ್ಟರೆ ಇಲ್ಲ, ನಾನು ಹಿಡಿದರೆ ಅರ್ಧ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನಮ್ಮವರು ಇಷ್ಟು ಅನಿವಾರ್ಯರಾದದ್ದು ಅದೇ ಮೊದಲು.

ಹೀಗಿರುವಾಗ ನಾನು ತಮ್ಮಲ್ಲಿ ಕೆಲವು ಪ್ರಾರ್ಥನೆಗಳನ್ನು ಮನಸ್ಸಿನಲ್ಲೇ ಮಾಡಿಕೊಂಡಿದ್ದೆ. ಶ್ರಾವಣದ ಆ ಶನಿವಾರ ಅರ್ಧ ಗಂಟೆಯ ಮಟ್ಟಿಗೆ ತಾವು ಕೋಗಿಲು ಕ್ರಾಸಿನ ಕಡೆಗೆ ನಾಲ್ಕು ಹೆಜ್ಜೆ ಸರಿದು ನಿಲ್ಲಬೇಕು. ಅದಾಗದಿದ್ದರೆ ದೇವಸ್ಥಾನದ ಆನೆಯಂತೆ ಮೊಣಕಾಲೂರಿ ಕೂರಬೇಕು. ಅದೂ ಘನತೆಗೆ ಕುಂದೆನಿಸಿದರೆ ಮೂರರಿಂದ ಆರರವರೆಗಿನ ಮಹಡಿಗಳಿಗಾದರೂ ರಜೆ ಕೊಟ್ಟು ಕಳಿಸಬೇಕು. ತಾವು ಯಾವುದಕ್ಕೂ ಇಲ್ಲವೆನ್ನಲಿಲ್ಲ. ಸುಮ್ಮನೆ ನಿಂತಿದ್ದಿರಿ.

ಆ ಶನಿವಾರ ಬಂತು. ಓಣಿಯ ಅರ್ಧ ಜನ ಗೋಪಾಲಮ್ಮನವರ ಮನೆಗೆ ಹೋದರು. ಉಳಿದರ್ಧ ನಮ್ಮ ನಡುಮನೆಯಲ್ಲಿ ಕೂತರು. ಫಖ್ರುನ್ನೀಸಾ ಕೂಡ ಇಳಿದು ಬಂದು ಅತ್ತೆಯ ಪಕ್ಕದಲ್ಲೇ ಕೂತರು. ನಮ್ಮವರು ಮಂಡಿಗೆ ಅರ್ಧ ದಿನ ರಜೆ ಹಾಕಿ, ಗೊರಗುಂಟೆಪಾಳ್ಯದ ಟ್ರಾಫಿಕ್ಕನ್ನು ಶಪಿಸುತ್ತಾ ಬಂದವರು, ಊಟವನ್ನೂ ಮಾಡದೆ ತಲೆಗೆ ಟವೆಲ್ ಸುತ್ತಿ ತಾರಸಿ ಹತ್ತಿದರು. ಜಿನುಗು ಮಳೆ ಹಿಡಿದಿತ್ತು. ನಾನು ಬಾಗಿಲಲ್ಲಿ ನಿಂತು, ಒಂದು ಕಣ್ಣು ಟೀವಿಯ ಮೇಲೆ, ಒಂದು ಬಾಯಿ ತಾರಸಿಯ ಕಡೆಗೆ: "ಬಂತು! ಹೋಯ್ತು! ಇನ್ನೂ ಸ್ವಲ್ಪ! ಹಾಂ, ಅಲ್ಲೇ ಇರಿ ರೀ, ಉಸಿರಾಡ್ಬೇಡಿ!"

ಚಿತ್ರ ನಿಂತಿತು. ಸಾಲಾಗಿ ಕೂತ ಕೋಗಿಲಿನ ಹೆಂಗಸರು ಕಂಡರು. ಕ್ಯಾಮೆರಾ ಹತ್ತಿರ ಹೋದಾಗ ಅತ್ತೆಯ ಮುಖ ಟೀವಿಯ ತುಂಬಾ ಬಂತು. ಅತ್ತೆ ಕೆನ್ನೆಗೆ ಕೈಯಿಟ್ಟುಕೊಂಡು, "ಅಯ್ಯೋ, ಇದ್ಯಾರು, ನಮ್ಮವ್ವನಂಗೇ ಅವ್ಳಲ್ಲ!" ಎಂದರು. ಎಲ್ಲರೂ ನಕ್ಕರು. ಅವರು ನಗಲಿಲ್ಲ. ಸುತ್ತ ನೋಡಿ ಕೇಳಿದರು: "ಆಂಜಿ ಎಲ್ಲಿ?"

"ಮೇಲಿದ್ದಾರೆ ಅತ್ತೆ, ಹಿಡ್ಕೊಂಡಿದ್ದಾರೆ."

"ಮತ್ತೆ ಅವ್ನೆಂಗೆ ನೋಡ್ತಾನೆ?"

ಇದನ್ನು ಮಾತ್ರ ನಮ್ಮ ಮನೆಯಲ್ಲಿ ಯಾರೂ ಯೋಚಿಸಿರಲಿಲ್ಲ, ಮಾನ್ಯರೇ. ಅತ್ತೆ ಎದ್ದು ಬಾಗಿಲಿಗೆ ಬಂದು, ಸೋಬಾನೆ ಎತ್ತುವ ಅದೇ ಗಂಟಲಿನಲ್ಲಿ ಕೂಗಿದರು: "ಲೇ ಆಂಜೀ, ಇಳಿಯೋ ಕೆಳೀಕೆ!"

"ಇಳಿದ್ರೆ ಹೋಗ್ತದೆ ಕಣವ್ವಾ!"

"ಓದ್ರೆ ಓಗ್ಲಿ! ನಾನೆಲ್ಲೋದೆ, ಇಲ್ಲೇ ಇದ್ದೀನಲ್ಲ! ಬಾ, ನೆನೀಬೇಡ!"

ನಮ್ಮವರು ಪೈಪು ಬಿಟ್ಟು ಇಳಿದು ಬಂದರು. ಟೀವಿಯಲ್ಲಿ ಇರುವೆಗಳು ಮುತ್ತಿಕೊಂಡವು. ಆದರೆ ದನಿ ಹೋಗಲಿಲ್ಲ, ಹಾಡು ಅದರ ಪಾಡಿಗೆ ಬರುತ್ತಿತ್ತು. ಒದ್ದೆ ಟವೆಲ್ಲಿನಲ್ಲೇ ನೆಲದ ಮೇಲೆ ಕೂತ ಮಗನ ಎದುರು ಕೂತು ಅತ್ತೆ ಆ ದನಿಗೆ ದನಿ ಸೇರಿಸಿದರು. ದ್ರಾಕ್ಷಿ ಚಪ್ಪರದ ಹಾಡು. ಟೀವಿಯೊಳಗಿನ ಮುನಿಕೃಷ್ಣಮ್ಮ ಸ್ವಲ್ಪ ಅಂಜಿ ಹಾಡುತ್ತಿದ್ದರು, ನಮ್ಮ ನಡುಮನೆಯ ಮುನಿಕೃಷ್ಣಮ್ಮನವರಿಗೆ ಯಾರ ಅಂಜಿಕೆಯೂ ಇರಲಿಲ್ಲ. ನಮ್ಮವರು ತಲೆ ಒರೆಸಿಕೊಳ್ಳುವ ನೆವದಲ್ಲಿ ಟವೆಲ್ಲನ್ನು ಮುಖದ ಮೇಲೆಯೇ ಹಿಡಿದುಕೊಂಡಿದ್ದರು. ಆದರೆ ಸೋಬಾನೆ ಒಬ್ಬರ ಹಾಡಲ್ಲ. ಒಬ್ಬರು ಎತ್ತಿದರೆ ಇನ್ನೊಬ್ಬರು "ಸೋ" ಎಂದು ಹಿಡಿಯಬೇಕು. ನಮಗೆ ಯಾರಿಗೂ ಆ ಎಳೆತ ಬರುವುದಿಲ್ಲ. ಅತ್ತೆ ಒಂದು ಸಾಲು ಮುಗಿಸಿ ಉಸಿರಿಗೆ ನಿಂತಾಗ, ಬಾಗಿಲ ಕಡೆಯಿಂದ ಒಂದು ಒರಟು ದನಿ "ಸೋ" ಎಂದಿತು.

ಗೋಪಾಲಮ್ಮ ನಿಂತಿದ್ದರು, ಅವರ ಮನೆಗೆ ಹೋಗಿದ್ದ ಅರ್ಧ ಓಣಿಯೂ ಹಿಂದೆಯೇ ಬಂದು ನಿಂತಿತ್ತು. "ನಮ್ ಫೇಸಲ್ಲಿ ಕರೆಂಟ್ ಓಯ್ತು, ಅದ್ಕೆ ಬಂದೆ" ಎಂದು ಅವರು ಗೋಡೆಯ ಮೇಲಿನ ಕ್ಯಾಲೆಂಡರಿಗೆ ತಿಳಿಸಿದರು. ಅತ್ತೆ ಕತ್ತು ತಿರುಗಿಸಲಿಲ್ಲ, ಆದರೆ ಮುಂದಿನ ಸಾಲನ್ನು ಎತ್ತುವಾಗ ಚಾಪೆಯ ಮೇಲೆ ಸ್ವಲ್ಪ ಸರಿದು ಜಾಗ ಬಿಟ್ಟರು. ಇಬ್ಬರೂ ಹಾಡಿದರು. ಟೀವಿಯ ದನಿಯನ್ನು ಯಾರೋ ತಗ್ಗಿಸಿದರು.

ಹಾಡು ಮುಗಿಯುವ ಹೊತ್ತಿಗೆ ಪರದೆಯ ಇರುವೆಗಳ ನಡುವೆ ಬಿಳಿಯ ಅಕ್ಷರಗಳು ಕೆಳಗಿನಿಂದ ಮೇಲಕ್ಕೆ ತೆವಳತೊಡಗಿದವು. ಹೆಸರುಗಳು! ಇಬ್ಬರು ಮುದುಕಿಯರೂ ಒಮ್ಮೆಲೇ ಮುಂದಕ್ಕೆ ಬಗ್ಗಿದರು. ಇಬ್ಬರಿಗೂ ಓದಲು ಬರುವುದಿಲ್ಲ. ಇಬ್ಬರೂ ನನ್ನ ಮುಖ ನೋಡಿದರು. ನನಗೂ ಒಂದಕ್ಷರ ಕಾಣಲಿಲ್ಲ. "ರೀ, ಓಡಿ, ಹೋಗಿ ಹಿಡ್ಕೊಳ್ಳಿ, ಹೆಸರು ಬರ್ತಿದೆ!" ಎಂದು ಕೂಗಿದೆ.

ಬೇಸಿಗೆಯಿಂದ ಕರೆದಾಗಲೆಲ್ಲ, ಕರೆಯದಾಗಲೂ ಆ ಮೆಟ್ಟಿಲು ಹತ್ತಿದ್ದ ಮನುಷ್ಯ ತಾಯಿಯನ್ನು ನೋಡಿದರು, ಗೋಪಾಲಮ್ಮನವರನ್ನು ನೋಡಿದರು, ಒಂದೇ ಚಾಪೆಯನ್ನು ನೋಡಿದರು. ಆಮೇಲೆ ಕಾಲು ಚಾಚಿ ಗೋಡೆಗೊರಗಿ, "ಮಂಡಿ ನೋವು ಕಣೆ, ಆಗಲ್ಲ" ಎಂದರು. ಅಕ್ಷರಗಳು ಮೇಲೇರಿ ಹೋದವು.

ಮಾನ್ಯರೇ, ಹಾಡು ಯಾರದೆಂಬುದು ಕೋಗಿಲಿನಲ್ಲಿ ಇಂದಿಗೂ ಇತ್ಯರ್ಥವಾಗಿಲ್ಲ. ಅತ್ತೆಯೂ ಗೋಪಾಲಮ್ಮನವರೂ ಈಗ ದಿನಾ ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಕೂತು ಅದೇ ವಿಚಾರಕ್ಕೆ ಬಾಯಿತುಂಬ ಜಗಳವಾಡುತ್ತಾರೆ. ಮಾತು ಬಿಟ್ಟಿದ್ದವರು ಮಾತಿನಿಂದಲೇ ಕಿತ್ತಾಡುವುದು ಎಷ್ಟು ದೊಡ್ಡ ಪ್ರಗತಿಯೆಂಬುದು ತಮ್ಮಂಥ ಅನುಭವಿಗಳಿಗೆ ತಿಳಿಯದ್ದಲ್ಲ. ಇದಕ್ಕಾಗಿ ದೂರನ್ನು ಹಿಂತೆಗೆದುಕೊಂಡೆನೆಂದು ತಾವು ಉಬ್ಬಬಾರದು. ವೈರು ಕತ್ತರಿಸಿದ್ದು ತಪ್ಪೇ, ಸೀರೆ ಒಣಗದ್ದು ನಿಜವೇ. ಸರಿದು ನಿಲ್ಲಿರೆಂಬ ಪ್ರಾರ್ಥನೆಯನ್ನು ಮಾತ್ರ ಸದ್ಯಕ್ಕೆ ತಡೆಹಿಡಿದಿದ್ದೇನೆ. ಏಕೆಂದರೆ ಆ ಕಾರ್ಯಕ್ರಮದ ಮರುಪ್ರಸಾರವಿದೆಯೆಂಬ ಗಾಳಿಮಾತು ಹಬ್ಬಿದೆ, ಗೋಪಾಲಮ್ಮನವರು ಅದನ್ನೂ ನಮ್ಮ ಮನೆಯಲ್ಲೇ ನೋಡುವುದಾಗಿ ಹೇಳಿದ್ದಾರೆ. ಆ ದಿನದ ಮಟ್ಟಿಗೆ ತಾವು ದಯವಿಟ್ಟು ಅಲುಗಾಡದೆ, ಸಾಧ್ಯವಾದರೆ ಇನ್ನೆರಡು ಮಹಡಿ ಬೆಳೆದು, ಈಗಿರುವಲ್ಲೇ ಗಟ್ಟಿಯಾಗಿ ನಿಂತಿರಬೇಕಾಗಿ ವಿನಂತಿ.

ಬಿಸಿಲಿಗಲ್ಲದಿದ್ದರೂ ನೆರಳಿಗೆ ಕೃತಜ್ಞಳಾದ,
ತಮ್ಮ ಬುಡದ ವಿಶ್ವಾಸಿ,
ಸರಳಾ ಆಂಜಿನಪ್ಪ

ಮರೆತ ಮಾತು: ತಮ್ಮ ದಪ್ಪ ಗೋಡೆಗಳೊಳಗೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲವೆಂದು ತಮ್ಮ ಅಸೋಸಿಯೇಷನ್‌ನವರು ಒಬ್ಬೊಬ್ಬರಾಗಿ ಬಂದು ನಮ್ಮ ಗೇಟಿನ ಹತ್ತಿರ ನಿಂತು ಮಾತಾಡುತ್ತಿದ್ದಾರೆ. ಸಂಕೋಚಪಡಬೇಕಿಲ್ಲವೆಂದು ತಿಳಿಸಿ, ಕೂರಲು ಕಲ್ಲುಬೆಂಚು ಹಾಕಿಸಿದ್ದೇವೆ. ಅಧ್ಯಕ್ಷರು ಕಾರ್ಯದರ್ಶಿಯ ಬಗ್ಗೆ ಹೇಳುವುದೂ, ಕಾರ್ಯದರ್ಶಿ ಅಧ್ಯಕ್ಷರ ಬಗ್ಗೆ ಹೇಳುವುದೂ ನಮ್ಮ ನಡುಮನೆಗೆ ಯಾವ ಬೂಸ್ಟರೂ ಇಲ್ಲದೆ ಬಹಳ ಸ್ಪಷ್ಟವಾಗಿ ಬರುತ್ತಿದೆ. ಹೀಗಾಗಿ ಟೀವಿಯ ಕೊರತೆ ನಮ್ಮನ್ನು ಅಷ್ಟಾಗಿ ಕಾಡುತ್ತಿಲ್ಲ.